ತೂಗುಯ್ಯಾಲೆಯಲ್ಲಿ ಕುಳಿತವರು ಯಾರು? ತೇಲುವ ಮತ, ಅರ್ಥಶಾಸ್ತ್ರದ ಮಾದರಿ ಮತ್ತು ಕರ್ನಾಟಕದ ಲೆಕ್ಕ

2023ರ ಮೇ 13ರ ಮಧ್ಯಾಹ್ನದ ಹೊತ್ತಿಗೇ ಕರ್ನಾಟಕದ 224 ಕ್ಷೇತ್ರಗಳ ಪೈಕಿ ಬಹುತೇಕ ಎಲ್ಲದರ ಹಣೆಬರಹ ಗೊತ್ತಾಗಿತ್ತು. ಬೆಂಗಳೂರಿನ ಜಯನಗರದ್ದು ಮಾತ್ರ ರಾತ್ರಿಯಾದರೂ ಬಗೆಹರಿಯಲಿಲ್ಲ. ಎಣಿಕೆ, ಮರುಎಣಿಕೆ, ಅಂಚೆ ಮತಗಳ ಬಗ್ಗೆ ವಾಗ್ವಾದ, ಹೊರಗೆ ಎರಡೂ ಪಕ್ಷಗಳ ಕಾರ್ಯಕರ್ತರ ಗುಂಪು. ಇಷ್ಟೆಲ್ಲ ಆದ ಮೇಲೆ ಬಿಜೆಪಿಯ ಸಿ.ಕೆ. ರಾಮಮೂರ್ತಿಯವರು ಕಾಂಗ್ರೆಸ್ಸಿನ ಸೌಮ್ಯಾ ರೆಡ್ಡಿಯವರ ವಿರುದ್ಧ 16 ಮತಗಳಿಂದ ಗೆದ್ದಿದ್ದಾರೆಂದು ಘೋಷಣೆಯಾಯಿತು. ಹದಿನಾರು ಮತ ಎಂದರೆ ಅಪಾರ್ಟ್‌ಮೆಂಟೊಂದರ ಒಂದು ಮಹಡಿಯ ಜನ. ಅದೇ ಚುನಾವಣೆಯಲ್ಲಿ ಗಾಂಧಿನಗರದ ಅಂತರ 105. ಇನ್ನೂ ಹಿಂದಕ್ಕೆ ಹೋದರೆ, 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರು ಗೆದ್ದದ್ದು ಒಂದೇ ಒಂದು ಮತದಿಂದ.

ಇಂಥ ಪ್ರಸಂಗಗಳು ನಮ್ಮ ಮನಸ್ಸಿನಲ್ಲಿ ಒಂದು ಚಿತ್ರವನ್ನು ಗಟ್ಟಿ ಮಾಡಿವೆ. ಮತಗಟ್ಟೆಯ ಸಾಲಿನಲ್ಲಿ ನಿಂತಾಗಲೂ ಯಾರಿಗೆ ಒತ್ತಬೇಕೆಂದು ತಿಳಿಯದ ಒಬ್ಬ ಮತದಾರ, ಅವನ ಕೊನೇ ಕ್ಷಣದ ಬೆರಳಿಗೆ ಕಾದು ಕುಳಿತ ಸರ್ಕಾರ. ಪತ್ರಿಕೆಗಳು ಅವನನ್ನು ತೇಲುವ ಮತದಾರ ಎನ್ನುತ್ತವೆ, ಸಮೀಕ್ಷೆ ಮಾಡುವವರು ಸ್ವಿಂಗ್ ವೋಟರ್ ಎನ್ನುತ್ತಾರೆ. ಅವನ ವರ್ತನೆಗೆ ಅರ್ಥಶಾಸ್ತ್ರಜ್ಞರು ಸುಮಾರು ಒಂದು ಶತಮಾನದಿಂದ ಸೂತ್ರಗಳನ್ನು ಹೆಣೆಯುತ್ತ ಬಂದಿದ್ದಾರೆ. ಆ ಸೂತ್ರಗಳಲ್ಲಿ ಕೆಲವು ಕರ್ನಾಟಕದ ಅಂಕಿಅಂಶಗಳ ಮೇಲೆ ಚೆನ್ನಾಗಿ ಕೂರುತ್ತವೆ, ಕೆಲವು ಕೂರುವುದೇ ಇಲ್ಲ. ಕೂರದ ಕಡೆಗಳೇ ನನಗೆ ಹೆಚ್ಚು ಕುತೂಹಲ ಹುಟ್ಟಿಸುತ್ತವೆ.

ಮೊದಲ ಮಾದರಿಯ ಬೇರು ವ್ಯಾಪಾರದಲ್ಲಿದೆ. ಒಂದೇ ಬೀದಿಯಲ್ಲಿ ಎರಡು ಅಂಗಡಿಗಳಿದ್ದರೆ, ಹೆಚ್ಚು ಗಿರಾಕಿಗಳನ್ನು ಹಿಡಿಯುವ ಆಸೆಯಿಂದ ಎರಡೂ ಬೀದಿಯ ನಡುಮಧ್ಯಕ್ಕೆ ಬಂದು ಅಕ್ಕಪಕ್ಕ ನಿಲ್ಲುತ್ತವೆ ಎಂದು ಹೆರಾಲ್ಡ್ ಹೊಟೆಲಿಂಗ್ 1929ರಲ್ಲಿ ತೋರಿಸಿದರು. 1957ರಲ್ಲಿ ಆಂಥೊನಿ ಡೌನ್ಸ್ ಅಂಗಡಿಯ ಜಾಗದಲ್ಲಿ ಪಕ್ಷವನ್ನೂ ಗಿರಾಕಿಯ ಜಾಗದಲ್ಲಿ ಮತದಾರನನ್ನೂ ಇಟ್ಟರು. ಎಡದಿಂದ ಬಲಕ್ಕೆ ಎಳೆದ ಗೆರೆಯ ಮೇಲೆ ಎಲ್ಲರೂ ಒಂದೊಂದು ಕಡೆ ನಿಂತಿದ್ದಾರೆ, ಸರಿಯಾಗಿ ನಡುವೆ ನಿಂತವನನ್ನು ಒಲಿಸಿಕೊಂಡ ಪಕ್ಷ ಗೆಲ್ಲುತ್ತದೆ. ಡೌನ್ಸ್ ಇನ್ನೊಂದು ಮಾತನ್ನೂ ಹೇಳಿದ್ದರು, ನಮ್ಮ ಮಟ್ಟಿಗೆ ಅದೇ ಹೆಚ್ಚು ಬೆಲೆಯುಳ್ಳದ್ದು: ತನ್ನ ಒಂದು ಮತದಿಂದ ಫಲಿತಾಂಶ ಬದಲಾಗುವ ಸಾಧ್ಯತೆ ತೀರ ಕಡಿಮೆ ಇರುವಾಗ, ಪ್ರಣಾಳಿಕೆ ಓದಿ ಅಭ್ಯರ್ಥಿಗಳ ಜಾತಕ ಜಾಲಾಡುವ ಶ್ರಮವನ್ನು ಮತದಾರ ಪಡುವುದಿಲ್ಲ, ಅದು ಸೋಮಾರಿತನವಲ್ಲ, ಲೆಕ್ಕಾಚಾರ. ಬೆಳಗ್ಗೆ ಎಂಟಕ್ಕೆ ಗಾರ್ಮೆಂಟ್ಸ್ ಕಾರ್ಖಾನೆಯ ಗೇಟು ದಾಟಬೇಕಾದ ಹೆಣ್ಣುಮಗಳು ಚುನಾವಣೆಗೆ ಹದಿನೈದು ದಿನವಿರುವಾಗ ‘ಇನ್ನೂ ನೋಡಿಲ್ಲ ಸಾರ್’ ಎಂದರೆ ಆಕೆ ಗೊಂದಲದಲ್ಲಿದ್ದಾಳೆ ಎಂದು ಬರೆದುಕೊಳ್ಳಬಾರದು. ನೋಡುವ ಕೆಲಸವನ್ನು ಆಕೆ ಮುಂದಕ್ಕೆ ಹಾಕಿದ್ದಾಳೆ, ಅಷ್ಟೆ.

ಆದರೆ ಕರ್ನಾಟಕದಲ್ಲಿ ಆ ಒಂದು ಗೆರೆಯನ್ನು ಎಳೆಯುವುದೇ ಕಷ್ಟ. ಮೂರು ಪಕ್ಷಗಳಿವೆ, ಜಾತಿಯಿದೆ, ಮನೆತನವಿದೆ, ನೀರಾವರಿಯಿದೆ, ಅಭ್ಯರ್ಥಿಯ ಕೈಗುಣವಿದೆ. ಹಾಗಾಗಿ ನಮಗೆ ಹೆಚ್ಚು ಒಗ್ಗುವುದು 1987ರಲ್ಲಿ ಸ್ವೀಡನ್ನಿನ ಅಸ್ಸಾರ್ ಲಿಂಡ್ಬೆಕ್ ಮತ್ತು ಯೋರ್ಗೆನ್ ವೈಬುಲ್ ಕಟ್ಟಿದ ಮಾದರಿ. ಪ್ರತಿ ಮತದಾರನಿಗೂ ಯಾವುದೋ ಒಂದು ಪಕ್ಷದ ಕಡೆ ಮೊದಲಿನಿಂದ ಬಂದ ಒಲವಿರುತ್ತದೆ. ಆ ಒಲವನ್ನು ಮೀರಿಸುವಷ್ಟು ಲಾಭವನ್ನು ಎದುರಾಳಿ ಪಕ್ಷ ಕೊಟ್ಟರೆ ಅವನು ದಾಟುತ್ತಾನೆ, ಇಲ್ಲವಾದರೆ ಇದ್ದಲ್ಲೇ ಇರುತ್ತಾನೆ ಎಂಬುದು ಅದರ ತಿರುಳು. ಎರಡು ಊರುಗಳನ್ನು ಕಲ್ಪಿಸಿಕೊಳ್ಳಿ. ಮೊದಲನೆಯದರಲ್ಲಿ ಐನೂರು ಮನೆ ಒಂದು ಪಕ್ಷದವರು, ಐನೂರು ಮನೆ ಇನ್ನೊಂದು ಪಕ್ಷದವರು, ಇಬ್ಬರೂ ತಾತನ ಕಾಲದ ಹಟದವರು. ಎರಡನೆಯದರಲ್ಲಿ ಆರುನೂರು ಮನೆ ಈ ಕಡೆ, ನಾನೂರು ಆ ಕಡೆ, ಆದರೆ ಯಾರಿಗೂ ಅಂಥ ಅಂಟು ಇಲ್ಲ. ಫಲಿತಾಂಶದ ಪಟ್ಟಿ ನೋಡಿದವರು ಮೊದಲನೆಯ ಊರನ್ನು ಜಿದ್ದಾಜಿದ್ದಿಯ ಕಣ ಎನ್ನುತ್ತಾರೆ. ಅಲ್ಲಿ ದುಡ್ಡು ಸುರಿದರೂ, ಭಾಷಣ ಮಾಡಿದರೂ ಅಲುಗಾಡುವವರು ಹತ್ತು ಮಂದಿಯೂ ಇಲ್ಲ. ನಿಜವಾಗಿ ತೂಗಾಡುವುದು ಎರಡನೆಯ ಊರು. ಅಂತರ ಕಡಿಮೆ ಇರುವುದು ಬೇರೆ, ಅಂಟು ಕಡಿಮೆ ಇರುವುದು ಬೇರೆ. ಹಿಂದಿನ ಗೆಲುವಿನ ಅಂತರವೊಂದನ್ನೇ ನೋಡಿ ‘ಸ್ವಿಂಗ್ ಕ್ಷೇತ್ರ’ಗಳ ಪಟ್ಟಿ ಮಾಡುವ ಟಿವಿ ಚರ್ಚೆಗಳು ಈ ಸರಳ ವ್ಯತ್ಯಾಸವನ್ನು ಪ್ರತಿ ಸಲವೂ ಮರೆಯುತ್ತವೆ.

ಕರಾವಳಿಯನ್ನೇ ನೋಡಿ. ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ 13 ಕ್ಷೇತ್ರಗಳಲ್ಲಿ ಬಿಜೆಪಿ 2018ರಲ್ಲಿ 12ನ್ನೂ 2023ರಲ್ಲಿ 11ನ್ನೂ ಗೆದ್ದಿತು. ಆ ಭಾಗವನ್ನು ಭದ್ರಕೋಟೆ ಎನ್ನದ ವರದಿಯೇ ಇಲ್ಲ. ಆದರೆ 2013ರಲ್ಲಿ ಇದೇ 13ರಲ್ಲಿ 10 ಕಾಂಗ್ರೆಸ್ಸಿನ ಪಾಲಾಗಿದ್ದವು. ಐದೇ ವರ್ಷಗಳಲ್ಲಿ ಅಷ್ಟು ಮಗುಚಿದ ಪ್ರದೇಶವನ್ನು ಕೋಟೆ ಎಂದು ಕರೆಯುವುದಾದರೆ, ಅಂಟು ಹೇಗೆ ಮತ್ತು ಯಾವಾಗ ಗಟ್ಟಿಯಾಯಿತು ಎಂಬುದನ್ನೂ ವಿವರಿಸಬೇಕಾಗುತ್ತದೆ. ಮಾದರಿ ಒಲವನ್ನು ದೇವರು ಕೊಟ್ಟದ್ದೆಂಬಂತೆ ತೆಗೆದುಕೊಂಡು ಮುಂದೆ ಹೋಗುತ್ತದೆ. ಪಕ್ಷಗಳೂ ಸಂಘಟನೆಗಳೂ ಚುನಾವಣೆಯಿಲ್ಲದ ವರ್ಷಗಳಲ್ಲಿ ಮಾಡುವ ಮುಖ್ಯ ಕೆಲಸವೇ ಒಲವನ್ನು ತಯಾರಿಸುವುದು ಎಂಬುದು ಅದರ ಕಣ್ಣಿಗೆ ಬೀಳುವುದಿಲ್ಲ.

ಇನ್ನು ಹಂಚಿಕೆಯ ಪ್ರಶ್ನೆ. ಕೈಯಲ್ಲಿರುವ ಸವಲತ್ತನ್ನು ಪಕ್ಷ ತನ್ನವರಿಗೆ ಕೊಡಬೇಕೋ, ತೂಗಾಡುವವರಿಗೆ ಕೊಡಬೇಕೋ? ತನ್ನವರಿಗೇ ಕೊಡುತ್ತದೆ ಎಂದು ಗ್ಯಾರಿ ಕಾಕ್ಸ್ ಮತ್ತು ಮ್ಯಾಥ್ಯೂ ಮೆಕ್ಕಬಿನ್ಸ್ 1986ರಲ್ಲಿ ವಾದಿಸಿದರು. ತನ್ನವರನ್ನು ಗುರುತಿಸಿ ತಲುಪಿಸುವ ವಿಶೇಷ ಜಾಣ್ಮೆ ಪಕ್ಷಕ್ಕೆ ಇಲ್ಲದಿದ್ದರೆ ತೂಗಾಡುವವರಿಗೆ ಹೋಗುತ್ತದೆ ಎಂದು ಅವಿನಾಶ್ ದೀಕ್ಷಿತ್ ಮತ್ತು ಜಾನ್ ಲಾಂಡ್ರೆಗನ್ 1996ರಲ್ಲಿ ಉತ್ತರಿಸಿದರು. ಭಾರತದ ಮಟ್ಟಿಗೆ ಭಾಸ್ಕರ್ ದತ್ತ, ಅಮೃತಾ ಧಿಲ್ಲೋನ್ ಮೊದಲಾದವರ 2009ರ ಅಧ್ಯಯನವೊಂದು ಕೇಂದ್ರದಿಂದ ರಾಜ್ಯಗಳಿಗೆ ಹೋಗುವ ಅನುದಾನವನ್ನು ಅಳೆದು ನೋಡಿದೆ. ಕೇಂದ್ರದ ಪಕ್ಷವೇ ಆಳುತ್ತಿರುವ, ಜೊತೆಗೆ ತೂಗಾಟವೂ ಇರುವ ರಾಜ್ಯಕ್ಕೆ, ಇವೆರಡೂ ಇಲ್ಲದ ರಾಜ್ಯಕ್ಕಿಂತ ಶೇ 16ರಷ್ಟು ಹೆಚ್ಚು ಹಣ ಸಿಕ್ಕಿತ್ತು ಎಂಬುದು ಅದರ ಅಂದಾಜು. ಅಂದರೆ ತೂಗಾಡಿದರಷ್ಟೇ ಸಾಲದು, ಯಶಸ್ಸಿನ ಹೆಸರು ಕೊಟ್ಟವರ ಖಾತೆಗೇ ಹೋಗುವಂತಿರಬೇಕು.

ಈ ವಾದಕ್ಕೆ 2023ರ ವಿಧಾನಸಭಾ ಚುನಾವಣೆ ಒಳ್ಳೆಯ ಒರೆಗಲ್ಲು, ಏಕೆಂದರೆ ಅಲ್ಲಿ ಎರಡು ಬಗೆಯ ಹಂಚಿಕೆಗಳು ಮುಖಾಮುಖಿಯಾದವು. ಆಗಿನ ಬಿಜೆಪಿ ಸರ್ಕಾರ ಗುಂಪುಗಳನ್ನು ಗುರುತಿಸಿ ಕೊಡುವ ದಾರಿ ಹಿಡಿಯಿತು. ಪರಿಶಿಷ್ಟ ಪಂಗಡಗಳ ಮೀಸಲಾತಿಯನ್ನು ಶೇ 3ರಿಂದ 7ಕ್ಕೆ, ಪರಿಶಿಷ್ಟ ಜಾತಿಗಳದ್ದನ್ನು ಶೇ 15ರಿಂದ 17ಕ್ಕೆ ಏರಿಸಿತು. ಚುನಾವಣೆಗೆ ಒಂದೂವರೆ ತಿಂಗಳಿರುವಾಗ ಮುಸ್ಲಿಮರ ಶೇ 4ರ ಮೀಸಲಾತಿಯನ್ನು ತೆಗೆದು ಲಿಂಗಾಯತರಿಗೂ ಒಕ್ಕಲಿಗರಿಗೂ ತಲಾ ಶೇ 2ರಂತೆ ಹಂಚುವುದಾಗಿ ಹೇಳಿತು. ಇದು ಪಠ್ಯಪುಸ್ತಕದ ಪ್ರಕಾರ ನಡೆದ ನಡೆ: ಯಾವ ಗುಂಪು ತೂಗಾಡುತ್ತಿದೆಯೋ ಅದಕ್ಕೆ ಸವಲತ್ತು. ಫಲ ಏನಾಯಿತು? ಪರಿಶಿಷ್ಟ ಪಂಗಡಗಳಿಗೆ ಮೀಸಲಾದ 15 ಕ್ಷೇತ್ರಗಳಲ್ಲಿ 14 ಕಾಂಗ್ರೆಸ್ಸಿಗೆ, ಒಂದು ಜೆಡಿಎಸ್‌ಗೆ ಹೋದವು. ಹೆಚ್ಚಳ ಮಾಡಿದ ಪಕ್ಷಕ್ಕೆ ಒಂದೂ ದಕ್ಕಲಿಲ್ಲ.

ಕಾಂಗ್ರೆಸ್ ಕೊಟ್ಟದ್ದು ಗುಂಪಿಗಲ್ಲ, ಮನೆಗೆ. ಮನೆಯೊಡತಿಗೆ ತಿಂಗಳಿಗೆ 2,000 ರೂಪಾಯಿ, 200 ಯೂನಿಟ್‌ವರೆಗೆ ವಿದ್ಯುತ್ ಉಚಿತ, ತಲೆಗೆ 10 ಕಿಲೋ ಅಕ್ಕಿ, ಹೆಂಗಸರಿಗೆ ಬಸ್ಸು ಉಚಿತ, ಕೆಲಸ ಸಿಗದ ಪದವೀಧರರಿಗೆ 3,000 ಮತ್ತು ಡಿಪ್ಲೊಮಾದವರಿಗೆ 1,500 ರೂಪಾಯಿ. ಆ ಏಪ್ರಿಲ್‌ನ ಒಂದು ಬೆಳಗ್ಗೆ ನಮ್ಮೂರ ಹಾಲಿನ ಡೇರಿಯ ಮುಂದೆ ಕ್ಯಾನು ಹಿಡಿದು ನಿಂತಿದ್ದ ಹೆಂಗಸೊಬ್ಬಳು ಬೆರಳು ಮಡಿಸಿ ಲೆಕ್ಕ ಹಾಕುತ್ತಿದ್ದುದನ್ನು ನಾನು ಕೇಳಿದ್ದೇನೆ. ‘ಎರಡು ಸಾವಿರ ಅದು, ಕರೆಂಟಿಂದು ಮುನ್ನೂರು, ಸಂಘದ ಕಂತು ಹೆಂಗೋ ಕಟ್ಕಬೋದು.’ ಪಕ್ಕದವಳು ‘ಕೊಟ್ಟಾಗ ನೋಡವ’ ಎಂದಳು. ಇಡೀ ಮಾದರಿ ಆ ಎರಡು ಮಾತುಗಳಲ್ಲಿತ್ತು: ಲಾಭ ಎಷ್ಟು, ಅದು ಬರುತ್ತದೆಂಬ ನಂಬಿಕೆ ಎಷ್ಟು. ಮೀಸಲಾತಿಯ ಲಾಭ ದೊಡ್ಡದೇ, ಆದರೆ ಅದು ಮಗ ಓದಿ, ನೇಮಕಾತಿ ನಡೆದು, ಕೋರ್ಟಿನ ತಡೆಯಾಜ್ಞೆಗಳೆಲ್ಲ ತೆರವಾದ ಮೇಲೆ ಬರುವಂಥದ್ದು. ಅಷ್ಟು ದೂರದ ಲಾಭವನ್ನು ಇಂದಿನ ಬೆಲೆಗೆ ಇಳಿಸಿದರೆ ಉಳಿಯುವುದು ಅಲ್ಪ. ಅಡುಗೆ ಅನಿಲದ ಸಿಲಿಂಡರ್ 1,100 ರೂಪಾಯಿ ದಾಟಿದ್ದ ಹೊತ್ತಿನಲ್ಲಿ 2,000ಕ್ಕೆ ಅಂಥ ಇಳಿಕೆಯ ಗಣಿತವೇ ಬೇಕಿರಲಿಲ್ಲ. ನಂಬಿಕೆಯ ಕೊರತೆಯನ್ನು ತುಂಬಲೆಂದೇ ಸಿದ್ದರಾಮಯ್ಯ ಮತ್ತು ಡಿ.ಕೆ. ಶಿವಕುಮಾರ್ ಇಬ್ಬರ ಸಹಿಯಿದ್ದ ಗ್ಯಾರಂಟಿ ಕಾರ್ಡು ಮನೆಮನೆಗೆ ಹೋಯಿತು. ಅದನ್ನು ಪ್ರಚಾರದ ಗಿಮಿಕ್ ಎಂದು ನಕ್ಕವರಿದ್ದರು. ಅರ್ಥಶಾಸ್ತ್ರದ ದೃಷ್ಟಿಯಲ್ಲಿ ಅದು ಮಾತು ತಪ್ಪಿದರೆ ಮುಖಕ್ಕೆ ಹಿಡಿಯಬಹುದಾದ ಬರಹ, ಹಾಗಾಗಿ ಬರೀ ಭಾಷಣಕ್ಕಿಂತ ತೂಕದ್ದು.

ಇಲ್ಲಿಯವರೆಗೆ ಮಾದರಿ ಗೆದ್ದಂತೆಯೇ ಕಾಣುತ್ತದೆ. ಆದರೆ ಮತಪ್ರಮಾಣದ ಪಟ್ಟಿ ತೆರೆದರೆ ವಿಚಿತ್ರವೊಂದು ಎದುರಾಗುತ್ತದೆ. ಸೋತ ಬಿಜೆಪಿಯ ಮತ 2018ರಲ್ಲಿ ಶೇ 36.3 ಇತ್ತು, 2023ರಲ್ಲಿ ಶೇ 36. ಅಲುಗಾಡಲೇ ಇಲ್ಲ ಎನ್ನಬೇಕು. ಆದರೂ ಸ್ಥಾನ 104ರಿಂದ 66ಕ್ಕೆ ಇಳಿಯಿತು. ಕಾಂಗ್ರೆಸ್ ಶೇ 38.1ರಿಂದ 42.9ಕ್ಕೆ ಏರಿ 80ರಿಂದ 135ಕ್ಕೆ ಹೋಯಿತು. ಜೆಡಿಎಸ್ ಶೇ 18.3ರಿಂದ 13.3ಕ್ಕೆ ಕುಸಿದು 37ರಿಂದ 19ಕ್ಕೆ ಬಂತು. ಜೆಡಿಎಸ್ ಕಳೆದುಕೊಂಡ ಐದು ಅಂಶಗಳೇ ನೇರವಾಗಿ ಕಾಂಗ್ರೆಸ್ಸಿಗೆ ಹೋದವೆಂದು ಹೇಳಿಬಿಡುವ ಆಸೆಯಾಗುತ್ತದೆ, ಹಾಗೆ ಹೇಳಲು ಬರುವುದಿಲ್ಲ. ರಾಜ್ಯದ ಮೊತ್ತ ನಿಂತಲ್ಲೇ ನಿಂತಂತೆ ತೋರುವಾಗ ಒಳಗೆ ಉತ್ತರದಲ್ಲಿ ಇಳಿದು ದಕ್ಷಿಣದಲ್ಲಿ ಏರಿರಬಹುದು, ಮತ್ತು ಬಿಜೆಪಿಗೆ ಆದದ್ದು ಬಹುಮಟ್ಟಿಗೆ ಅದೇ. ಜೆಡಿಎಸ್ ನೆಲದಲ್ಲಿ ಅದಕ್ಕೆ ಸಿಕ್ಕ ಹೊಸ ಮತಗಳು ಸ್ಥಾನ ತರುವಷ್ಟಿರಲಿಲ್ಲ; ಕಿತ್ತೂರು ಮತ್ತು ಕಲ್ಯಾಣ ಕರ್ನಾಟಕದಲ್ಲಿ ಕಳೆದುಕೊಂಡ ಮತಗಳು ಸ್ಥಾನಗಳನ್ನೇ ಹೊತ್ತೊಯ್ದವು. ಮತ ಮತ್ತು ಸ್ಥಾನದ ನಡುವಿನ ಈ ಜಾರುವಿಕೆ ಹೊಸದೂ ಅಲ್ಲ. 2008ರಲ್ಲಿ ಮತ್ತು 2018ರಲ್ಲಿ, ಎರಡೂ ಸಲ, ಹೆಚ್ಚು ಮತ ಪಡೆದ ಪಕ್ಷ ಕಾಂಗ್ರೆಸ್, ಹೆಚ್ಚು ಸ್ಥಾನ ಪಡೆದ ಪಕ್ಷ ಬಿಜೆಪಿ.

ಬೆಂಗಳೂರು ಇನ್ನೂ ಸೋಜಿಗ. ರಾಜ್ಯವೆಲ್ಲ ಕಾಂಗ್ರೆಸ್ ಕಡೆ ವಾಲಿದಾಗ ನಗರದ 28 ಕ್ಷೇತ್ರಗಳಲ್ಲಿ ಬಿಜೆಪಿ 11ರಿಂದ 16ಕ್ಕೆ ಏರಿತು. ನಗರದ ಮಧ್ಯಮವರ್ಗ ಗ್ಯಾರಂಟಿಗಳನ್ನು ತಿರಸ್ಕರಿಸಿತು ಎಂಬ ವಿವರಣೆ ತಕ್ಷಣ ಬಂತು. ಕ್ಷೇತ್ರಗಳ ಹೆಸರು ಹಿಡಿದು ನೋಡಿ. ಹೊಸದಾಗಿ ಬಂದವು ಕೆ.ಆರ್. ಪುರ, ಯಶವಂತಪುರ, ರಾಜರಾಜೇಶ್ವರಿನಗರ, ಮಹಾಲಕ್ಷ್ಮಿ ಲೇಔಟ್, ದಾಸರಹಳ್ಳಿ, ಜಯನಗರ, ಕಳೆದುಕೊಂಡದ್ದು ಗೋವಿಂದರಾಜನಗರ. ಮೊದಲ ನಾಲ್ಕರಲ್ಲಿ 2018ರಲ್ಲಿ ಕಾಂಗ್ರೆಸ್ಸಿನಿಂದಲೋ ಜೆಡಿಎಸ್‌ನಿಂದಲೋ ಗೆದ್ದಿದ್ದ ಬೈರತಿ ಬಸವರಾಜ, ಎಸ್.ಟಿ. ಸೋಮಶೇಖರ್, ಮುನಿರತ್ನ, ಕೆ. ಗೋಪಾಲಯ್ಯ ಅವರೇ 2019ರಲ್ಲಿ ಬಿಜೆಪಿಗೆ ಬಂದು ಮತ್ತೆ ಗೆದ್ದಿದ್ದಾರೆ. ಪಟ್ಟಿಯಲ್ಲಿ ಇದು ಮತದಾರರ ವಾಲುವಿಕೆ ಎಂದು ದಾಖಲಾಗುತ್ತದೆ. ನೆಲದ ಮೇಲೆ ಬಹಳಷ್ಟು ಮತದಾರರು ಹಿಂದೆ ಒತ್ತಿದ ವ್ಯಕ್ತಿಗೇ ಒತ್ತಿದ್ದಾರೆ. ಪಕ್ಕಕ್ಕೆ ಸರಿದದ್ದು ಶಾಸಕ.

ಹಾಗೆಂದು ವ್ಯಕ್ತಿಯ ಹಿಂದೆ ಮತ ಹೋಗುವುದು ನಿಯಮವೂ ಅಲ್ಲ. ಅದೇ 2023ರಲ್ಲಿ ಟಿಕೆಟ್ ಸಿಗದೆ ಬಿಜೆಪಿಯಿಂದ ಕಾಂಗ್ರೆಸ್ಸಿಗೆ ಬಂದ ಇಬ್ಬರು ಲಿಂಗಾಯತ ಮುಖಂಡರ ಪೈಕಿ ಲಕ್ಷ್ಮಣ ಸವದಿ ಅಥಣಿಯಲ್ಲಿ ಸುಮಾರು 76 ಸಾವಿರ ಮತಗಳಿಂದ ಗೆದ್ದರು. ಮುಖ್ಯಮಂತ್ರಿಯಾಗಿದ್ದ ಜಗದೀಶ ಶೆಟ್ಟರ್ ಹುಬ್ಬಳ್ಳಿ-ಧಾರವಾಡ ಸೆಂಟ್ರಲ್‌ನಲ್ಲಿ 34 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಅಥಣಿಯಲ್ಲಿ ಅಂಟು ಮನುಷ್ಯನಿಗೆ, ಹುಬ್ಬಳ್ಳಿಯಲ್ಲಿ ಚಿಹ್ನೆಗೆ. ಎರಡನ್ನೂ ಒಂದೇ ‘ಒಲವು’ ಎಂಬ ಅಕ್ಷರದಲ್ಲಿ ಬರೆಯುವ ಸೂತ್ರಕ್ಕೆ ಇದನ್ನು ಮುಂಚಿತವಾಗಿ ಹೇಳುವ ಶಕ್ತಿಯಿಲ್ಲ.

ತೂಗಾಡುವ ಪ್ರದೇಶ ಎಂಬ ಹೆಸರಿಗೆ ಕರ್ನಾಟಕದಲ್ಲಿ ಯಾರಾದರೂ ತಕ್ಕವರಿದ್ದರೆ ಅದು ಮಂಡ್ಯ. 2018ರಲ್ಲಿ ಜಿಲ್ಲೆಯ ಏಳಕ್ಕೆ ಏಳು ಕ್ಷೇತ್ರಗಳೂ ಜೆಡಿಎಸ್‌ಗೆ. ಒಂದೇ ವರ್ಷದಲ್ಲಿ, ಎಚ್.ಡಿ. ಕುಮಾರಸ್ವಾಮಿ ಮುಖ್ಯಮಂತ್ರಿಯಾಗಿದ್ದಾಗಲೇ, ಅವರ ಮಗ ನಿಖಿಲ್ ಪಕ್ಷೇತರ ಅಭ್ಯರ್ಥಿ ಸುಮಲತಾ ಅವರೆದುರು 1.25 ಲಕ್ಷಕ್ಕೂ ಹೆಚ್ಚು ಮತಗಳಿಂದ ಸೋತರು. 2023ರಲ್ಲಿ ಏಳರಲ್ಲಿ ಐದು ಕಾಂಗ್ರೆಸ್ಸಿಗೆ, ಒಂದು ಸರ್ವೋದಯ ಕರ್ನಾಟಕ ಪಕ್ಷಕ್ಕೆ, ಕೆ.ಆರ್. ಪೇಟೆ ಒಂದೇ ಜೆಡಿಎಸ್‌ಗೆ. ಮರುವರ್ಷ ಲೋಕಸಭೆಗೆ ನಿಂತ ಕುಮಾರಸ್ವಾಮಿಯವರಿಗೆ ಅದೇ ಜಿಲ್ಲೆ 2.84 ಲಕ್ಷಕ್ಕೂ ಹೆಚ್ಚಿನ ಅಂತರ ಕೊಟ್ಟಿತು. ಲಿಂಡ್ಬೆಕ್-ವೈಬುಲ್ ಓದಿದವರು ಇಲ್ಲಿ ಅಂಟು ತೆಳುವಾಗಿದೆ ಎಂದು ತೀರ್ಮಾನಿಸುತ್ತಾರೆ. ಮಂಡ್ಯದ ಯಾವುದಾದರೂ ಹೋಟೆಲಿನಲ್ಲಿ ಅರ್ಧ ಗಂಟೆ ಕುಳಿತವರಿಗೆ ಆ ಮಾತು ನಗು ತರಿಸುತ್ತದೆ. ಅಲ್ಲಿ ಅಂಟು ಗಟ್ಟಿಯಾಗಿಯೇ ಇದೆ. ಪ್ರತಿ ಚುನಾವಣೆಯಲ್ಲಿ ಬದಲಾದದ್ದು ಎದುರಿಗಿಟ್ಟ ಪ್ರಶ್ನೆ. 2019ರಲ್ಲಿ ಅಂಬರೀಷ್ ಅವರ ಮನೆಯವರೋ, ಗೌಡರ ಮನೆಯವರೋ ಎಂಬ ಪ್ರಶ್ನೆ ಎದ್ದಿತು, ಬಿಜೆಪಿ ತನ್ನ ಅಭ್ಯರ್ಥಿಯನ್ನೇ ಹಾಕದೆ ಅದಕ್ಕೆ ಅನುಕೂಲ ಮಾಡಿಕೊಟ್ಟಿತು. 2023ರಲ್ಲಿ ಒಕ್ಕಲಿಗರೊಬ್ಬರು ಮತ್ತೆ ಮುಖ್ಯಮಂತ್ರಿಯಾಗುವ ದಾರಿ ಯಾವ ಪಕ್ಷದಲ್ಲಿ ಹತ್ತಿರವಿದೆ ಎಂಬುದು ಮಾತಿನ ವಿಷಯವಾಯಿತು, ಡಿ.ಕೆ. ಶಿವಕುಮಾರ್ ‘ನನಗೂ ಒಂದು ಅವಕಾಶ ಕೊಡಿ’ ಎಂದು ಕೇಳಿಕೊಂಡೇ ಓಡಾಡಿದರು. 2024ರಲ್ಲಿ ದಿಲ್ಲಿಗೆ ಯಾರು ಎಂಬ ಪ್ರಶ್ನೆಗೆ ಬಿಜೆಪಿ ಮತ್ತು ಜೆಡಿಎಸ್ ಸೇರಿ ಒಂದೇ ಉತ್ತರ ಕೊಟ್ಟವು.

ಪ್ರಶ್ನೆಗೆ ತಕ್ಕಂತೆ ಉತ್ತರ ಬದಲಿಸುವುದು ಈ ರಾಜ್ಯದ ಮತದಾರರಿಗೆ ಹಳೆಯ ಅಭ್ಯಾಸ. 1984ರ ಡಿಸೆಂಬರಿನಲ್ಲಿ ಇಂದಿರಾ ಗಾಂಧಿಯವರ ಹತ್ಯೆಯ ನಂತರದ ಲೋಕಸಭಾ ಚುನಾವಣೆಯಲ್ಲಿ ಕರ್ನಾಟಕ 28ರಲ್ಲಿ 24 ಸ್ಥಾನಗಳನ್ನು ಕಾಂಗ್ರೆಸ್ಸಿಗೆ ಕೊಟ್ಟಿತು. ರಾಮಕೃಷ್ಣ ಹೆಗಡೆಯವರು ರಾಜೀನಾಮೆಯಿತ್ತು ಹೊಸ ಜನಾದೇಶ ಕೇಳಿದಾಗ, ಮೂರೇ ತಿಂಗಳಲ್ಲಿ ಅದೇ ಮತದಾರರು ಜನತಾ ಪಕ್ಷಕ್ಕೆ 139 ಸ್ಥಾನ ಕೊಟ್ಟರು. ‘ದಿಲ್ಲಿಗೊಂದು, ಬೆಂಗಳೂರಿಗೊಂದು’ ಎಂದು ಹೇಳುವವನು ತೀರ್ಮಾನಿಸದ ಮತದಾರನಲ್ಲ. ಅವನು ಎರಡು ಸಲ ತೀರ್ಮಾನಿಸಿದ್ದಾನೆ. ಹಾಗೆಯೇ 2013ರಲ್ಲಿ 122 ಸ್ಥಾನ ಗೆದ್ದ ಕಾಂಗ್ರೆಸ್ 2014ರಲ್ಲಿ 9 ಲೋಕಸಭಾ ಸ್ಥಾನಗಳಿಗೆ ನಿಂತಿತು. 2023ರಲ್ಲಿ 135 ಗೆದ್ದು, ಗ್ಯಾರಂಟಿಗಳನ್ನು ಜಾರಿಗೆ ತಂದ ಮೇಲೂ 2024ರಲ್ಲಿ ಮತ್ತೆ 9ಕ್ಕೇ ನಿಂತಿತು. ಎರಡೂ ಸಲ ಬಿಜೆಪಿ 17, ಜೆಡಿಎಸ್ 2. ಬೆಳವಣಿಗೆ ದರ, ಹಣದುಬ್ಬರ ಮತ್ತು ಅಧಿಕಾರದಲ್ಲಿರುವ ಅವಧಿಯಿಂದ ಅಮೆರಿಕದ ಅಧ್ಯಕ್ಷರ ಚುನಾವಣೆಯನ್ನು ಅಂದಾಜಿಸುವ, 1978ರಿಂದ ಯೇಲ್ ವಿಶ್ವವಿದ್ಯಾಲಯದ ರೇ ಫೇರ್ ತಿದ್ದುತ್ತ ಬಂದಿರುವ ಬಗೆಯ ಸಮೀಕರಣಗಳನ್ನು ಇಲ್ಲಿಗೆ ತಂದರೆ ಮೊದಲು ಎಡವುವುದೇ ಈ ಕಲ್ಲಿಗೆ: ಒಬ್ಬನೇ ಮತದಾರ, ಒಂದೇ ಆರ್ಥಿಕ ಸ್ಥಿತಿ, ಒಂದು ವರ್ಷದೊಳಗೆ ಎರಡು ಉತ್ತರ.

ಆದರೆ 2024ನ್ನು ಪೂರ್ತಿಯಾಗಿ ಮತದಾರನ ಎರಡು ಮನಸ್ಸಿನ ಲೆಕ್ಕಕ್ಕೆ ಬರೆಯುವುದೂ ತಪ್ಪು. ಕಾಂಗ್ರೆಸ್ಸಿನ ಮತ ಆ ವರ್ಷ ಶೇ 45ನ್ನು ದಾಟಿತ್ತು, ಅಂದರೆ 135 ಸ್ಥಾನ ತಂದುಕೊಟ್ಟ ಹಿಂದಿನ ವರ್ಷಕ್ಕಿಂತ ಹೆಚ್ಚು. ಅದು ಸೋತದ್ದು ಎದುರಿನ ಇಬ್ಬರು ಒಂದಾದದ್ದರಿಂದ. 2023ರ ಬಿಜೆಪಿ ಮತ್ತು ಜೆಡಿಎಸ್ ಮತಗಳನ್ನು ಕೂಡಿದರೆ ಶೇ 49 ದಾಟುತ್ತದೆ, 2024ರಲ್ಲಿ ಕೂಟಕ್ಕೆ ಬಿದ್ದದ್ದು ಶೇ 51ಕ್ಕಿಂತ ಸ್ವಲ್ಪ ಹೆಚ್ಚು. ಇದನ್ನು ನಮ್ಮವರೇ ನಾಲ್ಕು ದಶಕಗಳ ಹಿಂದೆ ಕಂಡುಕೊಂಡಿದ್ದರು. ಅರ್ಥಶಾಸ್ತ್ರಜ್ಞ ಅಶೋಕ್ ಲಾಹಿರಿ ಮತ್ತು ಪ್ರಣಯ್ ರಾಯ್ ಭಾರತದ ಚುನಾವಣೆಗಳಿಗೆಂದು ರೂಪಿಸಿದ ಲೆಕ್ಕದಲ್ಲಿ ಮತದ ವಾಲುವಿಕೆಯ ಪಕ್ಕದಲ್ಲೇ ವಿರೋಧಿಗಳ ಒಗ್ಗಟ್ಟಿನ ಸೂಚ್ಯಂಕವೊಂದಿತ್ತು: ಆಳುವ ಪಕ್ಷದ ವಿರುದ್ಧ ಬಿದ್ದ ಒಟ್ಟು ಮತದಲ್ಲಿ ಅತಿ ದೊಡ್ಡ ವಿರೋಧಿಯ ಪಾಲು ಎಷ್ಟು ಎಂಬ ಅಳತೆ. ಮತದಾರ ಕೂತಲ್ಲೇ ಕೂತಿದ್ದರೂ ಆ ಪಾಲು ಏರಿದರೆ ಸರ್ಕಾರ ಉರುಳುತ್ತದೆ. ಇಂದು ದತ್ತಾಂಶದ ಹೆಸರಿನಲ್ಲಿ ನಡೆಯುವ ಅನೇಕ ವಿಶ್ಲೇಷಣೆಗಳಿಗಿಂತ ಆ ಹಳೆಯ ಸೂಚ್ಯಂಕ ಕರ್ನಾಟಕವನ್ನು ಚೆನ್ನಾಗಿ ವಿವರಿಸುತ್ತದೆ ಎಂಬುದು ನನ್ನ ಅಭಿಪ್ರಾಯ.

ಒಗ್ಗಟ್ಟನ್ನು ನಾಯಕರಷ್ಟೇ ಮಾಡುವುದಿಲ್ಲ, ಮತದಾರರೂ ಮಾಡುತ್ತಾರೆ. ‘ನಮ್ಮ ಓಟು ದಂಡ ಆಗಬಾರದು’ ಎಂಬುದು ಹಳ್ಳಿಗಳಲ್ಲಿ ಮತದಾನದ ಹಿಂದಿನ ವಾರ ಅತಿ ಹೆಚ್ಚು ಕೇಳುವ ಮಾತು. ಮೂರನೆಯ ಸ್ಥಾನಕ್ಕೆ ಹೋಗುವವನೆಂದು ಗೊತ್ತಾದವನನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಬಟನ್ನನ್ನು ಬೇರೆಡೆ ಒತ್ತುವವನು ಸಮೀಕ್ಷೆಯವರ ಪುಸ್ತಕದಲ್ಲಿ ‘ಇನ್ನೂ ನಿರ್ಧರಿಸಿಲ್ಲ’ ಎಂದು ಗುರುತಾಗಿರುತ್ತಾನೆ. ಅವನು ಕಾಯುತ್ತಿರುವುದು ತನ್ನ ಮನಸ್ಸು ಗಟ್ಟಿಯಾಗಲೆಂದಲ್ಲ, ಉಳಿದವರ ಮನಸ್ಸು ಗೊತ್ತಾಗಲೆಂದು. ಅವನಿಗೆ ಕೇಳಬೇಕಾದ ಪ್ರಶ್ನೆ ‘ಯಾರಿಗೆ ಹಾಕುತ್ತೀರಿ’ ಎಂಬುದಕ್ಕಿಂತ ಮೊದಲು ‘ನಿಮ್ಮಲ್ಲಿ ಪೈಪೋಟಿ ಯಾರ್ಯಾರ ನಡುವೆ’ ಎಂಬುದು.

ಪುತ್ತೂರಿನಲ್ಲಿ 2023ರಲ್ಲಿ ಆ ಎರಡನೆಯ ಪ್ರಶ್ನೆಗೇ ಉತ್ತರ ಸಿಗದೆ ಹೋಯಿತು. ಬಿಜೆಪಿಯ ಅಧಿಕೃತ ಅಭ್ಯರ್ಥಿ ಒಂದು ಕಡೆ, ಅದೇ ವಿಚಾರಧಾರೆಯಿಂದ ಬಂಡೆದ್ದು ಪಕ್ಷೇತರರಾಗಿ ನಿಂತ ಅರುಣ್ ಕುಮಾರ್ ಪುತ್ತಿಲ ಇನ್ನೊಂದು ಕಡೆ, ಹಿಂದೆ ಬಿಜೆಪಿಯಲ್ಲೇ ಇದ್ದು ಕಾಂಗ್ರೆಸ್ ಟಿಕೆಟ್ ಪಡೆದ ಅಶೋಕ್ ಕುಮಾರ್ ರೈ ಮತ್ತೊಂದು ಕಡೆ. ರೈ ಗೆದ್ದರು, ಪುತ್ತಿಲ ಎರಡನೆಯವರಾದರು, ಅಧಿಕೃತ ಅಭ್ಯರ್ಥಿ ಮೂರನೆಯ ಸ್ಥಾನಕ್ಕೆ ಹೋದರು. ಕ್ಷೇತ್ರ ಬಿಜೆಪಿಯಿಂದ ಕಾಂಗ್ರೆಸ್ಸಿಗೆ ವಾಲಿತು ಎಂದು ಪಟ್ಟಿ ಹೇಳುತ್ತದೆ. ಅಲ್ಲಿ ಕೊನೆಯ ದಿನದವರೆಗೆ ತಲೆ ಕೆರೆದುಕೊಂಡವರು ಎರಡು ಪಕ್ಷಗಳ ನಡುವೆ ನಿಂತವರಲ್ಲ. ಒಂದೇ ಪಕ್ಷದ ಪಕ್ಕಾ ಮತದಾರರು.